ಗೇರು ಮರದ ಟೈ

ನಮ್ಮ ಬೊಳ್ಜೆಬೈಲಿನಲ್ಲಿ ಟೈ ಕಟ್ಟುವ ಗಂಡಸು ಒಬ್ಬನೇ. ಇಂಗ್ಲಿಷ್ ಮೀಡಿಯಂ ಶಾಲೆಯ ಮಕ್ಕಳೂ ಕಟ್ಟುತ್ತಾರೆ, ಆದರೆ ಅದು ಲೆಕ್ಕಕ್ಕಿಲ್ಲ, ಅವರದ್ದು ಇಲಾಸ್ಟಿಕ್. ಉಮಾನಾಥನದ್ದು ಸ್ವಂತ ಕೈಯಿಂದ ಗಂಟು ಹಾಕಿದ, ಬೆಳ್ಳಿ ಪಟ್ಟಿಯ ನೀಲಿ ಟೈ. ಮಾರ್ಚ್ ತಿಂಗಳಲ್ಲಿ ಅಲೆವೂರಿನಿಂದ ಕಟಪಾಡಿಯವರೆಗೆ ಜನರೆಲ್ಲ ಬನಿಯನ್ ಕೂಡ ಭಾರವೆಂದು ಬಿಚ್ಚಿಡುವ ಹೊತ್ತಿನಲ್ಲಿ ಈತ ಕುತ್ತಿಗೆ ಬಿಗಿದುಕೊಂಡು ಸ್ಕೂಟರಿನಲ್ಲಿ ಹೋಗುವುದನ್ನು ಕಂಡರೆ ನೋಡುವವರಿಗೇ ಬೆವರು ಬರುತ್ತಿತ್ತು.

ಟೈಗೆ ಕಾರಣವಿತ್ತು. ಕಟಪಾಡಿಯಲ್ಲಿ ಆಲ್ಫೋನ್ಸ್ ಎಂಬವರ ಟೈಲ್ಸ್ ಮತ್ತು ಕಮೋಡಿನ ಅಂಗಡಿ ಇದೆ. ಅಲ್ಲಿ ನಾಲ್ಕು ಜನ ನೌಕರರು, ನಾಲ್ವರೂ ಅಸಿಸ್ಟೆಂಟ್ ಮ್ಯಾನೇಜರುಗಳು. ಒಂದು ಕ್ರಿಸ್‌ಮಸ್ಸಿಗೆ ಸಂಬಳ ಹೆಚ್ಚಿಸಲು ಮನಸ್ಸಾಗದೆ ಆಲ್ಫೋನ್ಸರು ನಾಲ್ವರಿಗೂ ಆ ಪದವಿ ಕೊಟ್ಟರು. ಉಳಿದ ಮೂವರು ನಕ್ಕು ಸುಮ್ಮನಾದರು. ಉಮಾನಾಥ ಮಾತ್ರ ಉಡುಪಿಗೆ ಹೋಗಿ ಟೈ ತಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ನನ್ನ ಹೆಂಡತಿ ಅಂದದ್ದುಂಟು. ನಾನು ಅನ್ನಲಿಲ್ಲ, ಏಕೆಂದರೆ ನಾನು ಅವನ ಪಕ್ಕದ ಮನೆಯವ ಮತ್ತು ಪಂಚಾಯತಿನ ಎದುರು ಜೆರಾಕ್ಸ್ ಅಂಗಡಿ ಇಟ್ಟವ. ಊರಿನ ಎಲ್ಲ ಕಾಗದಗಳೂ ನನ್ನ ಕೈಯಿಂದ ದಾಟಿ ಹೋಗುತ್ತವೆ. ಜೆರಾಕ್ಸ್ ಮಾಡುವವನು ಕಾಗದವನ್ನು ಓದಬಾರದು, ಓದಿದರೆ ಹೇಳಬಾರದು ಎಂಬುದು ನಮ್ಮ ವೃತ್ತಿಧರ್ಮ. ಅದರಲ್ಲಿ ಅರ್ಧವನ್ನು ನಾನು ಪಾಲಿಸುತ್ತೇನೆ.

ಉಮಾನಾಥನ ಹೆಂಡತಿ ಆಶ್ರಿತಾ ಮಣಿಪಾಲದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ, ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಎಂಥ ಕಾಣದ ನರವೂ ಅವಳ ಬೆರಳಿಗೆ ಸಿಗುತ್ತದಂತೆ. ಏಪ್ರಿಲ್‌ನಿಂದ ಅವಳನ್ನು ವಿಭಾಗದ ಇನ್‌ಚಾರ್ಜ್ ಮಾಡುವುದೆಂದು ತೀರ್ಮಾನವೂ ಆಗಿತ್ತು. ಉಮಾನಾಥ ಅಂಗಡಿಯಲ್ಲಿ ಇದನ್ನೆಲ್ಲ ವಿವರಿಸಲು ಹೋಗಿರಲಿಲ್ಲ. ‘ನನ್ನ ಮಿಸೆಸ್ ಮಣಿಪಾಲದಲ್ಲಿ ಮೆಡಿಕಲ್ ಲೈನಿನಲ್ಲಿದ್ದಾರೆ’ ಎಂದಷ್ಟೇ ಹೇಳಿ, ಡಾಕ್ಟರ್ ಎಂದು ತಿಳಿದುಕೊಳ್ಳುವವರು ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದ. ಅವಳ ಸಂಬಳ ತನ್ನದಕ್ಕಿಂತ ಹೆಚ್ಚು ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಲಿಲ್ಲ. ನನಗೆ ಜೆರಾಕ್ಸಿನಿಂದ ಗೊತ್ತು.

ಅವರ ಮಗಳು ಮೋಕ್ಷಾಗೆ ಎರಡೂವರೆ ವರ್ಷ. ಅವಳನ್ನು ನೋಡಿಕೊಳ್ಳುತ್ತಿದ್ದವರು ಕಾರ್ಕಳದಿಂದ ಬಂದು ಇಲ್ಲೇ ಇದ್ದ ಆಶ್ರಿತಾಳ ತಾಯಿ. ಆಶ್ರಿತಾ ಬೆಳಿಗ್ಗೆ ಆರು ಐವತ್ತರ ಬಸ್ಸಿಗೆ ಹೋಗುವಳು, ಉಮಾನಾಥ ಒಂಬತ್ತಕ್ಕೆ ಟೈ ಕಟ್ಟಿ ಹೋಗುವನು, ಅಜ್ಜಿ ಮೊಮ್ಮಗಳು ಮನೆಯಲ್ಲಿ ರಾಜ್ಯವಾಳುವರು. ಎರಡು ವರ್ಷ ಈ ಗಾಡಿ ಸುಸೂತ್ರವಾಗಿ ಓಡಿತು. ಅಷ್ಟರಲ್ಲಿ ಆಶ್ರಿತಾಳ ತಂಗಿ ಧೃತಿ ಹೆರಿಗೆಗೆಂದು ಕಾರ್ಕಳದ ಮನೆಗೆ ಬಂದಳು. ಡಾಕ್ಟರು ಅವಳಿಗೆ ಹಾಸಿಗೆಯಿಂದ ಏಳಬೇಡ ಎಂದರು. ಅಜ್ಜಿ ಮರುದಿನವೇ ಚೀಲ ಕಟ್ಟಿದರು. ಹೆರಿಗೆ, ಬಾಣಂತನ, ತೊಟ್ಟಿಲು ಎಂದು ಐದಾರು ತಿಂಗಳು ಆ ಕಡೆ.

ಹೊರಡುವ ಮೊದಲು ಅಜ್ಜಿ ಪರಿಹಾರವನ್ನೂ ಹೇಳಿಯೇ ಹೋದರು. ಆಶ್ರಿತಾ ಕೆಲಸ ಬಿಡಲಿ. ಶಾರ್ಜಾದಲ್ಲಿರುವ ಆಶ್ರಿತಾಳ ಅಣ್ಣ ಜಿತೇಂದ್ರ ಫೋನಿನಲ್ಲಿ ಅದನ್ನೇ ಹೇಳಿದ. ನೆರೆಕರೆಯವರೂ ಅದನ್ನೇ ಹೇಳಿದರು, ಗಂಡನಿಗೆ ಒಳ್ಳೆಯ ಕೆಲಸ ಇರುವಾಗ ಇವಳಿಗೆ ಎಂತಕ್ಕೆ ಈ ಬಸ್ಸಿನ ಅವಸ್ಥೆ ಎಂದು. ಉಮಾನಾಥ ಕೆಲಸ ಬಿಡಬಹುದು ಎಂದು ಯಾರ ಬಾಯಿಂದಲೂ ಬರಲಿಲ್ಲ. ಟೈ ಕಟ್ಟಿದವನಿಗೆ ಹಾಗೆ ಹೇಳುವುದಾದರೂ ಹೇಗೆ. ಉಮಾನಾಥ ಸ್ವತಃ ‘ನಿನ್ನಿಷ್ಟ’ ಎಂದ. ಈ ‘ನಿನ್ನಿಷ್ಟ’ ಎಂಬುದಕ್ಕೆ ಗಂಡಂದಿರ ಭಾಷೆಯಲ್ಲಿ ಏನರ್ಥ ಎಂದು ಮದುವೆಯಾದವರಿಗೆಲ್ಲ ಗೊತ್ತಿದೆ. ತಿಂಗಳ ಕೊನೆಗೆ ರಾಜೀನಾಮೆ ಕೊಡುವುದೆಂದು ಆಶ್ರಿತಾ ಕಾಗದ ಬರೆದು ಬ್ಯಾಗಿನಲ್ಲಿಟ್ಟುಕೊಂಡಳು. ಅದರ ಒಂದು ಪ್ರತಿಯನ್ನು ನನ್ನ ಅಂಗಡಿಯಲ್ಲೇ ಮಾಡಿಸಿದಳು. ನಾನು ಓದಿದೆ, ಬೇಸರವಾಯಿತು, ಹೇಳಲಿಲ್ಲ.

ತಿಂಗಳ ಕೊನೆಯವರೆಗೆ ಮಗು ಎಲ್ಲಿರಬೇಕು? ಉಮಾನಾಥ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದ. ಎರಡು ದಿನ ಅವಳು ಟೈಲ್ಸಿನ ಮೇಲೆ ಜಾರುತ್ತ ಚೆನ್ನಾಗಿಯೇ ಇದ್ದಳು. ಮೂರನೆಯ ದಿನ ಕಾಪುವಿನಿಂದ ಗಂಡ ಹೆಂಡತಿ ಹೊಸ ಮನೆಗೆ ಸಾಮಾನು ನೋಡಲು ಬಂದಿದ್ದರು. ಅಂಗಡಿಯ ಮುಂಭಾಗದಲ್ಲಿ, ಗಾಜಿನ ಹಿಂದೆ, ಎತ್ತರದ ಪೀಠದ ಮೇಲೆ ದೀಪ ಹಾಕಿ ಇಟ್ಟ ಇಟಲಿ ಮಾದರಿಯ ಕಮೋಡಿನ ಗುಣಗಾನವನ್ನು ಉಮಾನಾಥ ಆರಂಭಿಸಿದ. ನೀರಿನ ಉಳಿತಾಯ, ಸದ್ದಿಲ್ಲದ ಮುಚ್ಚಳ, ಹತ್ತು ವರ್ಷದ ಗ್ಯಾರಂಟಿ. ತಿರುಗಿ ಕೈ ತೋರಿಸಿದರೆ ಮೋಕ್ಷಾ ಅದರ ಮೇಲೆ ಗಂಭೀರವಾಗಿ ಕುಳಿತಿದ್ದಳು. ಅಜ್ಜಿಯ ತರಬೇತಿ ಅಂಥದ್ದು. ಮಾದರಿಗೆ ನೀರಿನ ಸಂಪರ್ಕ ಇರುವುದಿಲ್ಲ ಎಂಬ ವಿಷಯ ಆ ವಯಸ್ಸಿನವರಿಗೆ ಹೇಗೆ ಗೊತ್ತಾಗಬೇಕು.

“ಅಪ್ಪ, ಆಯ್ತು” ಎಂದಳು ಮೋಕ್ಷಾ.

ಕಾಪುವಿನ ಹೆಂಗಸು ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಅದೇ ಮಾದರಿಯನ್ನು ಕೊಂಡರು ಕೂಡ. ಗೋಡೌನಿನಲ್ಲಿದ್ದ ಬೇರೆ ಪ್ರತಿ ಬೇಕು ಎಂದದ್ದು ಮಾತ್ರ ಹೌದು. ಆಲ್ಫೋನ್ಸರು ನಗಲಿಲ್ಲ. ನಾಳೆಯಿಂದ ಮಗುವನ್ನು ತರಬೇಡಿ ಎಂದು ಶಾಂತವಾಗಿ ಹೇಳಿ ಒಂದು ಬಕೆಟ್ ತೋರಿಸಿದರು.

ಭಾನುವಾರ ಗಂಡ ಹೆಂಡತಿ ಮಣಿಪಾಲದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕಡೆಗಳಿಗೆಲ್ಲ ಹೋದರು. ಒಂದು ಕಡೆ ಜೂನ್‌ವರೆಗೆ ಜಾಗವಿಲ್ಲ. ಇನ್ನೊಂದು ಕಡೆ ಮಗುವಿನ ಆಸಕ್ತಿಗಳೇನು ಎಂದು ಫಾರಂ ತುಂಬಲು ಕೊಟ್ಟರು. ಕಮೋಡಿನ ನೆನಪಾಗಿ ಉಮಾನಾಥ ಆ ಜಾಗವನ್ನು ಖಾಲಿ ಬಿಟ್ಟ. ಅಲ್ಲಿ ಮಗುವನ್ನು ಮೂರು ಗಂಟೆಗೆ ಕರೆದೊಯ್ಯಬೇಕು, ಆಶ್ರಿತಾಳ ಡ್ಯೂಟಿ ಮುಗಿಯುವುದು ಮೂರೂವರೆಗೆ. ನಡುವಿನ ಅರ್ಧ ಗಂಟೆ ಮಗು ಎಲ್ಲಿರಬೇಕು ಎಂದು ಕೇಳಿದ್ದಕ್ಕೆ, ಅದು ಪಾಲಕರ ಆಯ್ಕೆ ಎಂಬ ಉತ್ತರ ಬಂತು.

ಮನೆಗೆ ಬಂದು ಆಶ್ರಿತಾ ಇಸ್ತ್ರಿ ಹಾಕಿದ್ದ ಎರಡು ಬಿಳಿ ಕೋಟುಗಳಲ್ಲಿ ಒಂದನ್ನು ಮಡಚಿ ಕಪಾಟಿನ ತಳಕ್ಕೆ ಇಟ್ಟಳು. ಅವಳು ಅಳಲಿಲ್ಲ. ಅತ್ತಿದ್ದರೆ ನಾಲ್ಕು ಮಾತು ಸಮಾಧಾನ ಹೇಳಿ ಮುಗಿಸಬಹುದಿತ್ತು ಎಂದು ಉಮಾನಾಥ ಆಮೇಲೆ ನನಗೆ ಹೇಳಿದ. ಆ ಕೋಟು ಕಪಾಟಿನ ತಳ ಸೇರಿದ್ದನ್ನು ನೋಡಿದ ಮೇಲೆ ಅವನಿಗೆ ಊಟ ಸೇರಲಿಲ್ಲ. ಎದ್ದು ಅಂಗಳಕ್ಕೆ ಬಂದವನು ನನ್ನ ಹತ್ತಿರ ಏನಾದರೂ ದಾರಿ ಉಂಟಾ ಎಂದು ಕೇಳಿದ. ಅಂಥ ಪ್ರಶ್ನೆಯನ್ನು ಅವನು ನನಗೆ ಕೇಳಿದ್ದು ಅದೇ ಮೊದಲು.

ದಾರಿ ಇತ್ತು. ಮದಗದ ಪಕ್ಕದ ಹಳೆ ಶಾಲೆಯಲ್ಲಿ ಪಂಚಾಯತಿನವರು ಕೂಸಿನ ಮನೆ ತೆರೆದಿದ್ದರು. ಮದಗವೆಂದರೆ ನಮ್ಮೂರ ಕೆರೆ, ಈಗ ಮುಕ್ಕಾಲು ಪಾಲು ಹೂಳು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಂಗಸರ ಸಣ್ಣ ಮಕ್ಕಳನ್ನು ಕೂಸಿನ ಮನೆಯಲ್ಲಿ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವವರು ಶಾರ್ಲೆಟ್ ಬಾಯಿ, ಐದು ಮಕ್ಕಳನ್ನು ಸಾಕಿ ದೊಡ್ಡದು ಮಾಡಿದ ಗಟ್ಟಿ ಹೆಂಗಸು. ಸೋಮವಾರ ಬೆಳಿಗ್ಗೆ ಉಮಾನಾಥ ಅಲ್ಲಿಗೆ ಹೋದ. ಬಾಯಿ ಮೋಕ್ಷಾಳ ಕೆನ್ನೆ ಹಿಂಡಿ, ಒಂದೇ ಜಾಗ ಉಳಿದಿದೆ, ಖಾತ್ರಿ ಕೆಲಸದ ಜಾಬ್ ಕಾರ್ಡ್ ಇದ್ದವರಿಗೆ ಮೊದಲು, ನಿಮ್ಮ ಹತ್ತಿರ ಉಂಟಾ ಎಂದು ಕೇಳಿದರು.

ಉಮಾನಾಥನ ಹತ್ತಿರ ಆಧಾರ್ ಕಾರ್ಡ್ ಇತ್ತು, ಪಾನ್ ಕಾರ್ಡ್ ಇತ್ತು, ವಿಸಿಟಿಂಗ್ ಕಾರ್ಡ್ ಇತ್ತು. ಇನ್ನೊಂದು ಕಾರ್ಡ್ ಎಷ್ಟರ ಮಾತು ಎಂದು ನೇರವಾಗಿ ಪಂಚಾಯತಿಗೆ ಬಂದ. ಪಂಚಾಯತಿನ ಅಧಿಕಾರಿಗೆ, ಅಂದರೆ ನಮ್ಮ ಪಿಡಿಒಗೆ, ಕುರ್ಚಿಯಿಂದ ಏಳುವಷ್ಟು ಸಂತೋಷವಾಯಿತು. ಕಾರಣವಿದೆ. ನಮ್ಮಲ್ಲಿ ಈ ಕೆಲಸಕ್ಕೆ ಗಂಡಸರು ಸಿಗುವುದಿಲ್ಲ. ಒಬ್ಬ ಮುಂಬಯಿಯಲ್ಲಿ, ಒಬ್ಬ ಗಲ್ಫಿನಲ್ಲಿ, ಒಬ್ಬ ಮಲ್ಪೆಯ ಬೋಟಿನಲ್ಲಿ. ಟೈ ಕಟ್ಟಿದ ಗಂಡಸೊಬ್ಬ ತಾನಾಗಿ ಬಂದು ಜಾಬ್ ಕಾರ್ಡ್ ಕೇಳಿದ್ದು ಪಂಚಾಯತಿನ ಇತಿಹಾಸದಲ್ಲೇ ಮೊದಲು. ಅಧಿಕಾರಿ ಚಹಾ ತರಿಸಿದರು, ಗೋಳಿಬಜೆ ತರಿಸಿದರು, ಫಾರಂಗಳ ಕಟ್ಟನ್ನು ಮುಂದಿಟ್ಟರು. ಅಸಿಸ್ಟೆಂಟ್ ಮ್ಯಾನೇಜರಾದ ಮೇಲೆ ಓದಿ ಸಹಿ ಹಾಕುವ ಅಭ್ಯಾಸವನ್ನು ಉಮಾನಾಥ ಬಿಟ್ಟಿದ್ದ. ಒಂದು ಕೈಯಲ್ಲಿ ಗೋಳಿಬಜೆ, ಇನ್ನೊಂದು ಕೈಯಲ್ಲಿ ಪೆನ್ನು. ಕಾಗದಗಳು ಜೆರಾಕ್ಸಿಗೆ ಬಂದವು. ಅದರಲ್ಲಿ ಫಾರಂ ನಂಬರ್ ಆರು ಕೂಡ ಇತ್ತು. ಅದು ಕಾರ್ಡಿಗೆ ಅರ್ಜಿಯಲ್ಲ, ‘ನನಗೆ ಕೆಲಸ ಬೇಕು, ಕೊಡಿ’ ಎಂಬ ಬೇಡಿಕೆ. ನಾನು ಓದಿದೆ. ವೃತ್ತಿಧರ್ಮ ನೆನಪಾಯಿತು.

ಬುಧವಾರ ಮೋಕ್ಷಾ ಕೂಸಿನ ಮನೆಗೆ ಸೇರಿದಳು. ಪಂಚಾಯತಿನಲ್ಲಿ ತನಗಿರುವ ವಶೀಲಿಯಿಂದ ಇದು ಸಾಧ್ಯವಾಯಿತು ಎಂದು ಉಮಾನಾಥ ಹೆಂಡತಿಗೆ ಹೇಳಿದ. ಅವಳು ಅವನನ್ನು ನೋಡಿದ ನೋಟದಲ್ಲಿ ಹೆಮ್ಮೆ ಇತ್ತಂತೆ. ಆದರೆ ಕಾರ್ಕಳದಿಂದ ಅಜ್ಜಿ ಬಿಡಲಿಲ್ಲ. ಕೂಲಿಯವರ ಮಕ್ಕಳ ಜೊತೆ ನಮ್ಮ ಮಗು ಯಾಕೆ, ನಾಲ್ಕು ದಿನ ಇರಲಿ, ತಿಂಗಳ ಕೊನೆಗೆ ನೀನು ಕಾಗದ ಕೊಟ್ಟುಬಿಡು ಎಂದರು. ಕಾಗದ ಬ್ಯಾಗಿನಲ್ಲೇ ಉಳಿಯಿತು.

ಶನಿವಾರ ಸಂಜೆ ಅಪ್ಪಿಯಕ್ಕ ಉಮಾನಾಥನ ಗೇಟಿಗೆ ಬಂದಳು. ಖಾತ್ರಿ ಕೆಲಸದ ಹೆಂಗಸರ ಮೇಲ್ವಿಚಾರಣೆ ಅವಳದು. ಸೋಮವಾರದಿಂದ ಆರು ದಿನ ಒಂಬತ್ತಕ್ಕೆ ಮದಗದ ಹೂಳು ತೆಗೆಯಲು ಬರಬೇಕು, ಹಾರೆ ನಮ್ಮದು, ಬುಟ್ಟಿ ನಿಮ್ಮದು ಎಂದಳು. ಉಮಾನಾಥ ನಕ್ಕು ವಿಸಿಟಿಂಗ್ ಕಾರ್ಡ್ ಕೊಟ್ಟ. ಅಪ್ಪಿಯಕ್ಕ ಅದನ್ನು ಓದಿ ಹಿಂದೆ ಕೊಟ್ಟಳು.

“ನಿಮ್ಮ ಸಹಿ ಉಂಟಲ್ಲ. ಹತ್ತು ಜನ ಆದರೆ ಮಾತ್ರ ಕೆಲಸ ಶುರು ಮಾಡುತ್ತಾರೆ. ನಾವು ಒಂಬತ್ತು ಹೆಂಗಸರು, ನೀವು ಹತ್ತನೆಯವರು. ನೀವು ಬರದಿದ್ದರೆ ನಮಗೆ ಕೆಲಸ ಇಲ್ಲ. ನಮಗೆ ಕೆಲಸ ಇಲ್ಲದಿದ್ದರೆ ಶಾರ್ಲೆಟ್ ಬಾಯಿಯ ಹತ್ತಿರ ಮಕ್ಕಳಿಲ್ಲ. ಮಕ್ಕಳಿಲ್ಲದಿದ್ದರೆ ಬಾಗಿಲು ಹಾಕುತ್ತಾರೆ. ಮತ್ತೆ ನಿಮ್ಮ ಮಗು ಎಲ್ಲಿ?”

ಈ ತರ್ಕಕ್ಕೆ ಉತ್ತರ ಕೊಡುವ ವಿದ್ಯೆ ಟೈಯಲ್ಲಿ ಇರಲಿಲ್ಲ. ಆರು ದಿನದ ಮಾತು ತಾನೇ ಎಂದು ಉಮಾನಾಥ ಒಪ್ಪಿದ. ಆಲ್ಫೋನ್ಸರಿಗೆ ಫೋನು ಮಾಡಿ ಬೆನ್ನು ನೋವು, ಏಳಲಾಗುವುದಿಲ್ಲ, ವಾರ ರಜೆ ಬೇಕು ಎಂದ. ಆಲ್ಫೋನ್ಸರಿಗೂ ಬೆನ್ನು ನೋವಿನ ಅನುಭವ ಇದ್ದುದರಿಂದ ಕೂಡಲೇ ಕರಗಿ, ಬಿಸಿನೀರಿನ ಚೀಲದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಹೆಂಡತಿಗೆ ಮಾತ್ರ ಉಮಾನಾಥ ಏನೂ ಹೇಳಲಿಲ್ಲ. ಪಂಚಾಯತಿನಲ್ಲಿ ವಶೀಲಿ ಇದ್ದವನು ಅದೇ ಪಂಚಾಯತಿನ ಮಣ್ಣು ಹೊರುತ್ತೇನೆಂದು ಹೇಗೆ ಹೇಳಿಯಾನು.

ಸೋಮವಾರ ಅವನು ಎಂದಿನಂತೆ ಟೈ ಕಟ್ಟಿ ಮಗುವನ್ನು ಕೂರಿಸಿಕೊಂಡು ಹೊರಟ. ಮಗುವನ್ನು ಬಾಯಿಯ ಕೈಗೆ ಕೊಟ್ಟು, ಮದಗದ ಪಂಪ್ ಶೆಡ್ಡಿನ ಹಿಂದೆ ಹೋಗಿ, ಅಂಗಿ ಪ್ಯಾಂಟು ಕಳಚಿ ಹಳೆ ಲುಂಗಿ ಬನಿಯನ್ ತೊಟ್ಟ. ಟೈ ಮುದುಡಬಾರದೆಂದು ಗೇರು ಮರದ ಕೊಂಬೆಗೆ ನೇತುಹಾಕಿದ. ಮೊದಲ ಬುಟ್ಟಿ ತಲೆಗೇರಿದಾಗ ಒಂಬತ್ತು ಹೆಂಗಸರೂ ಹಾರೆ ನಿಲ್ಲಿಸಿ ನೋಡಿದರು. ಆ ಬುಟ್ಟಿ ಅರ್ಧ ದಾರಿಯಲ್ಲಿ ಅವನ ಮೈಮೇಲೇ ಖಾಲಿಯಾಯಿತು. ಅಪ್ಪಿಯಕ್ಕ ಹಾಜರಿಗಾಗಿ ಮೊಬೈಲಿನಲ್ಲಿ ಫೋಟೋ ತೆಗೆದಳು, ಬೆಳಿಗ್ಗೆ ಒಂದು, ಸಂಜೆ ಒಂದು. ಎರಡು ಸಲವೂ ಉಮಾನಾಥ ಹೆಂಗಸರ ಹಿಂದೆ ತಲೆ ತಗ್ಗಿಸಿ ನಿಂತ. ಅವನು ಎಲ್ಲರಿಗಿಂತ ಎತ್ತರ, ಹಾಗಾಗಿ ಎರಡರಲ್ಲೂ ಚೆನ್ನಾಗಿ ಬಿದ್ದ.

ಮಂಗಳವಾರ ಚಂದು ಆ ದಾರಿಯಲ್ಲಿ ಬಂದ. ಚಂದು ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ ಹಾರ್ನ್ ಹೊಡೆಯುತ್ತ ಮನೆ ಮನೆಗೆ ಮೀನು ತರುವವನು. ಮೀನಿನ ಜೊತೆಗೆ ಸುದ್ದಿಯನ್ನೂ ತರುತ್ತಾನೆ, ಎರಡೂ ತಾಜಾ. ಅವನು ಮೊದಲು ಕಂಡದ್ದು ಗೇರು ಮರದಲ್ಲಿ ತೂಗುವ ಟೈ. ಅವನಿಗೆ ಎದೆ ಧಸಕ್ಕೆಂದಿತಂತೆ. ಕೆಳಗೆ ನೋಡಿದರೆ ಅದರ ಒಡೆಯ ಕೆಸರಿನಲ್ಲಿ ಮೊಣಕಾಲಿನವರೆಗೆ ಮುಳುಗಿ ಬುಟ್ಟಿ ಹೊರುತ್ತಿದ್ದಾನೆ. ಇದಕ್ಕೆ ಏನರ್ಥ? ಕೆಲಸ ಹೋಗಿದೆ. ಹೆಂಡತಿಗೆ ಹೇಳಲು ಧೈರ್ಯವಿಲ್ಲದೆ ಬೆಳಿಗ್ಗೆ ಟೈ ಕಟ್ಟಿ ಹೊರಟು ಇಲ್ಲಿ ಕೂಲಿ ಮಾಡುತ್ತಿದ್ದಾನೆ. ಚಂದು ಐದು ನಿಮಿಷದಲ್ಲಿ ನನ್ನ ಅಂಗಡಿಯಲ್ಲಿದ್ದ. ನಿಜ ನನಗೆ ಗೊತ್ತಿತ್ತು, ಆದರೆ ಫಾರಂ ಆರರ ಗುಟ್ಟು ಒಡೆಯುವ ಹಾಗಿಲ್ಲ. “ಹೌದಾ ಮಾರಾಯ” ಎಂದೆ. ಆ ಎರಡು ಶಬ್ದ ಸುದ್ದಿಗೆ ನನ್ನ ಮೊಹರು ಒತ್ತಿದಂತಾಯಿತು. ಈ ಪಾಪ ನನ್ನ ಮೇಲೂ ಇದೆ.

ಬೊಳ್ಜೆಬೈಲಿನಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಸುದ್ದಿ ಬಸ್ಸಿನಲ್ಲಿ ಹೋಗಲಿಲ್ಲ, ಶಾರ್ಜಾ ಮಾರ್ಗವಾಗಿ ಹೋಯಿತು. ಚಂದುವಿನ ಭಾವ ಶಾರ್ಜಾದಲ್ಲಿ ಜಿತೇಂದ್ರನ ರೂಮಿನಲ್ಲೇ ಇರುವುದು. ಅವನು ಜಿತೇಂದ್ರನಿಗೆ ಹೇಳಿದ, ಜಿತೇಂದ್ರ ಕಾರ್ಕಳಕ್ಕೆ ಹೇಳಿದ, ಕಾರ್ಕಳದ ಅಜ್ಜಿ ಸಂಜೆಯೊಳಗೆ ಆಶ್ರಿತಾಳಿಗೆ ಫೋನು ಮಾಡಿದರು. ಹಿಂದಿನ ವಾರದವರೆಗೆ ಕೆಲಸ ಬಿಡು, ಬಿಡು ಎಂದ ಅದೇ ಬಾಯಿ ಈಗ, “ಏನಾದರೂ ಆಗಲಿ, ನೀನು ಮಾತ್ರ ಕೆಲಸ ಬಿಡಬೇಡ ಮಗಳೇ. ಗಂಡಸರ ಕೆಲಸ ಇವತ್ತು ಉಂಟು, ನಾಳೆ ಇಲ್ಲ” ಎಂದಿತು. ಕೂಸಿನ ಮನೆ ಈಗ ಒಳ್ಳೆಯ ಜಾಗವಾಯಿತು. ಕೂಲಿಯವರ ಮಕ್ಕಳು ಗಟ್ಟಿಯಾಗಿರುತ್ತಾರೆ ಎಂದೂ ಅಜ್ಜಿ ಹೇಳಿದರಂತೆ.

ಮರುದಿನದಿಂದ ಊರು ಉಮಾನಾಥನಿಗೆ ಮೆಲ್ಲಗೆ ಮಾತಾಡತೊಡಗಿತು. ಯಾರೋ ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ತಂದು ಮೆಟ್ಟಿಲ ಮೇಲಿಟ್ಟು ಹೋದರು. ನನ್ನ ಹೆಂಡತಿಯೇ, ಅದೇ ಮಲ್ಲಿಗೆ ಹೂವಿನ ಗಾದೆ ಹೇಳಿದವಳು, ಪತ್ರೊಡೆ ಮಾಡಿ ಕೊಟ್ಟು ಬಂದಳು. ಹಳೆಯ ಸ್ನೇಹಿತರು ಹೆಗಲು ತಟ್ಟಿ, ಎಲ್ಲ ಸರಿಯಾಗುತ್ತದೆ ಎಂದು ಹೇಳಿ ಮುಖ ತಿರುಗಿಸಿದರು. ಬೆನ್ನು ನೋವಿನ ಸುಳ್ಳು ಊರಿಗೂ ಮುಟ್ಟಿದೆ, ಅದಕ್ಕೆ ಈ ಅನುಕಂಪ ಎಂದು ಉಮಾನಾಥ ಭಾವಿಸಿದ. ಬೇಗ ಗುಣವಾಗುತ್ತದೆ, ಚಿಂತೆ ಇಲ್ಲ ಎಂದು ಎಲ್ಲರಿಗೂ ಉತ್ತರಿಸಿದ. ಎಂಥ ಗಟ್ಟಿ ಮನಸ್ಸು ಎಂದು ಜನ ಇನ್ನಷ್ಟು ಕರಗಿದರು. ಗುರುವಾರ ಶಾರ್ಜಾದಿಂದ ಜಿತೇಂದ್ರನ ಫೋನು ಬಂತು.

“ಭಾವ, ವಿಷಯ ಗೊತ್ತಾಯಿತು. ನೀವು ಏನೂ ಹೇಳಬೇಡಿ. ಪಾಸ್‌ಪೋರ್ಟಿನ ಕಾಪಿ ಕಳಿಸಿ.”

ಬೆನ್ನು ನೋವಿಗೆ ಶಾರ್ಜಾದಲ್ಲಿ ಚಿಕಿತ್ಸೆ ಇರಬೇಕೆಂದು ಉಮಾನಾಥ ಆಶ್ಚರ್ಯಪಟ್ಟ. ಬೆಳಿಗ್ಗೆ ಬಂದು ಪಾಸ್‌ಪೋರ್ಟ್ ಜೆರಾಕ್ಸ್ ಮಾಡಿಸಿದಾಗ ನಾನು ಏನೂ ಕೇಳಲಿಲ್ಲ.

ಆಶ್ರಿತಾಳೂ ಅವನನ್ನು ಏನೂ ಕೇಳಲಿಲ್ಲ. ಗಂಡ ಅವಮಾನವನ್ನು ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದಾನೆ, ಅವನಾಗಿ ಹೇಳುವವರೆಗೆ ಕೆದಕುವುದು ಬೇಡ ಎಂದುಕೊಂಡಳು. ಬೆಳಿಗ್ಗೆ ಬಸ್ಸಿಗೆ ಹೊರಡುವ ಅವಸರದಲ್ಲೂ ಅವನ ಟೈಗೆ ತಾನೇ ಇಸ್ತ್ರಿ ಹಾಕಿ ಇಡತೊಡಗಿದಳು. ಬುತ್ತಿಯಲ್ಲಿ ಎರಡು ದೋಸೆಯ ಬದಲು ಐದು ದೋಸೆ, ಜೊತೆಗೆ ಒಂದು ಬಾಟಲಿ ಮಜ್ಜಿಗೆ. ಮಣ್ಣು ಹೊರುವವನಿಗೆ ಹಸಿವಾಗುತ್ತದಲ್ಲ. ಬುತ್ತಿ ಯಾಕೆ ಇಷ್ಟು ಭಾರ ಎಂದು ಉಮಾನಾಥನಿಗೆ ಅರ್ಥವಾಗಲಿಲ್ಲ, ಆದರೆ ಐದೂ ದೋಸೆ ಮುಗಿಯುತ್ತಿದ್ದವು.

ಶನಿವಾರ, ಕೆಲಸದ ಕೊನೆಯ ದಿನ, ನಾಲ್ಕು ಗಂಟೆಯ ಹೊತ್ತಿಗೆ ನನ್ನ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಆಲ್ಫೋನ್ಸರು ಇಳಿದರು. ಕೈಯಲ್ಲಿ ತೈಲದ ದೊಡ್ಡ ಬಾಟಲಿ. ಮಣಿಪಾಲಕ್ಕೆ ಹೋಗಿ ತಿಂಗಳ ಶುಗರ್ ಪರೀಕ್ಷೆಗೆ ರಕ್ತ ಕೊಟ್ಟು ಬಂದವರು, ಹಾಗೆಯೇ ಉಮಾನಾಥನ ಬೆನ್ನು ನೋಡಿಕೊಂಡು ಹೋಗೋಣವೆಂದು ದಾರಿ ಕೇಳಲು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಲ್ಲೇ ಇದ್ದ ಚಂದು ತೆರೆದ.

“ಉಮಾನಾಥಣ್ಣ ಮದಗದಲ್ಲಿ ಮಣ್ಣು ಹೊರುತ್ತಿದ್ದಾರೆ. ಯಾವನೋ ಪಾಪಿ ಮಾಲೀಕ ಕೆಲಸದಿಂದ ತೆಗೆದನಂತೆ. ಇಷ್ಟು ಸಣ್ಣ ಮಗು ಇರುವಾಗ. ಅವನ ಕೈ ಸೇದಿಹೋಗಲಿ.”

ಆಲ್ಫೋನ್ಸರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಬೆಳಿಗ್ಗೆ ರಕ್ತ ತೆಗೆದ ಜಾಗದಲ್ಲಿ ಹತ್ತಿ ಇನ್ನೂ ಅಂಟಿತ್ತು. ಕಾರು ಹತ್ತಿ ಮದಗದ ಕಡೆ ತಿರುಗಿಸಿದರು. ಪೆಟ್ಟಿಗೆಯಲ್ಲಿ ಐಸ್ ಕರಗುತ್ತದೆಂದು ಚಂದು ಒಲ್ಲದ ಮನಸ್ಸಿನಿಂದ ಅಲೆವೂರಿನ ಕಡೆ ಹೋದ. ನನ್ನ ಹತ್ತಿರ ಕರಗುವಂಥದ್ದು ಏನೂ ಇರಲಿಲ್ಲ. ಅಂಗಡಿಗೆ ಬೀಗ ಹಾಕಿ ಓಡಿದೆ.

ಅಲ್ಲಿ ಸಂಜೆಯ ಫೋಟೋಗೆ ಎಲ್ಲರೂ ಸಾಲಾಗಿ ನಿಂತಿದ್ದರು. ಶಾರ್ಲೆಟ್ ಬಾಯಿ ಮಕ್ಕಳನ್ನು ದಡದಲ್ಲಿ ಕೂರಿಸಿದ್ದರು. ಮೋಕ್ಷಾ ಅಪ್ಪನ ಕೆಸರನ್ನು ಮೆಚ್ಚಿ ತನಗೂ ಬೇಕೆಂದು ಹಟ ಹಿಡಿದಿದ್ದಳು. ಆಲ್ಫೋನ್ಸರು ಕಾರಿನಿಂದ ಇಳಿದು, ಗೇರು ಮರದ ಟೈಯನ್ನು ನೋಡಿ, ಆಮೇಲೆ ಬುಟ್ಟಿ ಹೊತ್ತವನನ್ನು ನೋಡಿದರು.

“ಉಮಾನಾಥರೇ, ಬೆನ್ನು ಹೇಗೆ ಉಂಟು?”

ಉಮಾನಾಥ ಬುಟ್ಟಿ ಇಳಿಸಲು ಹೋದ, ಬಗ್ಗಿದವನಿಗೆ ಏಳಲಾಗಲಿಲ್ಲ.

“ಮೊದಲು ಸುಳ್ಳಿತ್ತು ಸರ್. ಈಗ ನಿಜ” ಎಂದ, ಬಗ್ಗಿಕೊಂಡೇ.

ಬಗ್ಗಿಕೊಂಡೇ ಎಲ್ಲವನ್ನೂ ಹೇಳಿದ. ಕಾರ್ಡು, ಕೂಸಿನ ಮನೆಯ ಒಂದೇ ಜಾಗ, ಗೋಳಿಬಜೆ, ಫಾರಂ ಆರು. ಆಲ್ಫೋನ್ಸರ ಕೋಪ ಇಳಿಯಲಿಲ್ಲ. ನೀವು ಮಣ್ಣು ಹೊತ್ತದ್ದು ಇರಲಿ, ನಾನು ನಿಮ್ಮನ್ನು ತೆಗೆದೆನೆಂದು ಊರೆಲ್ಲ ಶಪಿಸುತ್ತದೆ, ಮೀನು ಮಾರುವವನು ನನ್ನ ಮುಖಕ್ಕೇ ಹೇಳಿದ, ಅದಕ್ಕೆ ಎಂತ ಮಾಡುವುದು ಎಂದರು. ಕೆಲಸ ಹೋಯಿತೆ ಎಂದು ಉಮಾನಾಥ ಗಾಬರಿಯಿಂದ ಕೇಳಿದ. ಊರಿಗೆಲ್ಲ ಐದು ದಿನದಿಂದ ಗೊತ್ತಿದ್ದ ಸುದ್ದಿ ಅವನಿಗೆ ಮುಟ್ಟಿದ್ದು ಆಗಲೇ. ಗುಜ್ಜೆ, ಪತ್ರೊಡೆ, ಪಾಸ್‌ಪೋರ್ಟ್, ಐದು ದೋಸೆ ಎಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋದವು.

ಹಿಂದಿನಿಂದ ಆಶ್ರಿತಾ ಬಂದು ನಿಂತಿದ್ದನ್ನು ಯಾರೂ ನೋಡಿರಲಿಲ್ಲ. ದಿನಾ ಶಾಲೆಯ ಬಾಗಿಲಿನಿಂದಲೇ ಮಗುವನ್ನು ಕರೆದುಕೊಂಡು ಮದಗದ ಕಡೆ ತಲೆಯೆತ್ತದೆ ಹೋಗುತ್ತಿದ್ದವಳು, ಅಂದು ಮಕ್ಕಳು ದಡದಲ್ಲಿದ್ದುದರಿಂದ ಬಸ್ಸಿಳಿದು ಇಲ್ಲಿಗೇ ಬಂದಿದ್ದಳು.

“ಕೆಲಸ ಹೋಗಲಿಲ್ವಾ ಹಾಗಾದರೆ?” ಎಂದಳು.

ಅದರಲ್ಲಿ ಸಮಾಧಾನವಿತ್ತು, ಅದರ ಹಿಂದೆಯೇ ಇನ್ನೇನೋ ಇತ್ತು. ಅಷ್ಟರಲ್ಲಿ ಅವಳ ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ಕಾರ್ಕಳದ ಅಮ್ಮ. ದಿನಕ್ಕೊಮ್ಮೆ, ಇದೇ ಹೊತ್ತಿಗೆ, ಧೈರ್ಯ ಹೇಳಲು. ಆಶ್ರಿತಾ ಫೋನನ್ನು ಎತ್ತಲಿಲ್ಲ. ಬ್ಯಾಗಿನಿಂದ ಫೋನಿನ ಜೊತೆಗೆ ಮಡಚಿದ ಕಾಗದವೂ ಹೊರಗೆ ಬಂದಿತ್ತು.

“ನಿಮ್ಮ ಕೆಲಸ ಹೋಗಿದೆ ಅಂತ ಇದನ್ನು ಕೊಡದೆ ಇಟ್ಟುಕೊಂಡೆ. ಈಗ ಅಮ್ಮನಿಗೆ ಎಂತ ಹೇಳಲಿ?”

ಉಮಾನಾಥ ಪ್ರಯತ್ನಪಟ್ಟು ನೆಟ್ಟಗೆ ನಿಂತ. ಲುಂಗಿಗೆ ಕೈ ಒರೆಸಿ ಅವಳ ಕೈಯಿಂದ ಫೋನು ತೆಗೆದುಕೊಂಡ. ಅವನು ಇಷ್ಟು ವರ್ಷ ಹೇಳಿದ ಸುಳ್ಳುಗಳೆಲ್ಲ ಅವನನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸುವಂಥವು. ಕೆಳಗಿಳಿಸುವ ಸುಳ್ಳು ಹೇಳಿದ್ದು ಅದೇ ಮೊದಲು.

“ಅತ್ತೆ, ನಾನು. ಹೌದು, ಕೆಲಸ ಹೋಗಿದೆ. ಸದ್ಯಕ್ಕೆ ಬೇರೆ ಸಿಗುವ ಹಾಗೆ ಕಾಣುವುದಿಲ್ಲ. ಆಶ್ರಿತಾ ಹೋಗದಿದ್ದರೆ ನಮಗೆ ಆಗುವುದಿಲ್ಲ.”

ಆ ಕಡೆಯಿಂದ ಅತ್ತೆ ಆ ಮಾಲೀಕನ ವಂಶವನ್ನು ಮೂರು ತಲೆಮಾರು ಹಿಂದಿನಿಂದ ಶಪಿಸುತ್ತ ಬಂದರು. ಫೋನು ಕಿವಿಯಿಂದ ಒಂದು ಮೊಳ ದೂರವಿದ್ದರೂ ಎಲ್ಲರಿಗೂ ಕೇಳುತ್ತಿತ್ತು. ಮಾಲೀಕರು ತೈಲದ ಬಾಟಲಿ ಹಿಡಿದು ಪೂರ್ತಿ ಕೇಳಿದರು. ಫೋನು ಇಟ್ಟ ಮೇಲೆ ಅವರು ಇದನ್ನು ತಾನು ಒಪ್ಪುವುದಿಲ್ಲ, ತನ್ನ ಹೆಸರಿನ ಪ್ರಶ್ನೆ ಎಂದು ಹೇಳಲು ಆಶ್ರಿತಾಳ ಕಡೆ ತಿರುಗಿದರು. ತಿರುಗಿದವರು ಅವಳ ಮುಖ ನೋಡಿ ತಮ್ಮ ತೋಳಿನ ಹತ್ತಿಯನ್ನು ಮುಟ್ಟಿಕೊಂಡರು.

“ಬೆಳಿಗ್ಗೆ ನನಗೆ ಸೂಜಿ ಹಾಕಿದ್ದು ನೀವಲ್ವಾ?”

ಮಣಿಪಾಲದಲ್ಲಿ ಅವರ ನರ ಹುಡುಕಿ ಸೋತವರು ಅನೇಕರಂತೆ. ಎರಡು ವರ್ಷದಿಂದ ಅವರು ಒಬ್ಬಳೇ ಹುಡುಗಿಯ ಕೈಗೆ ತೋಳು ಕೊಡುವುದು, ಅವಳಿಲ್ಲದ ದಿನ ಹಿಂದೆ ಬರುವುದು. ಅವಳು ಉಮಾನಾಥನ ಡಾಕ್ಟರ್ ಹೆಂಡತಿಯೇ ಎಂದು ಅವರಿಗೆ ಗೊತ್ತಿರಲಿಲ್ಲ. ನೀವು ಕೆಲಸ ಬಿಡುತ್ತೀರಾ ಎಂದು ಕೇಳಿದರು. ಬಿಡಬೇಕಾಗಿತ್ತು, ಈಗ ಇವರಿಗೆ ಕೆಲಸ ಇಲ್ಲವಲ್ಲ, ಹಾಗಾಗಿ ಇಲ್ಲ ಎಂದಳು ಆಶ್ರಿತಾ. ಆಲ್ಫೋನ್ಸರು ಉಮಾನಾಥನ ಕಡೆ ತಿರುಗಿದರು.

“ಆಗಲಿ, ನಾನು ಪಾಪಿ. ಆದರೆ ಸೋಮವಾರದಿಂದ ಲಾರಿಯ ಪೆಟ್ಟಿಗೆ ಇಳಿಸುವುದೂ ನೀವೇ, ಉಮಾನಾಥರೇ. ಇಷ್ಟು ಮಣ್ಣು ಹೊತ್ತವರಿಗೆ ಟೈಲ್ಸ್ ಭಾರವಲ್ಲ.”

ತೈಲದ ಬಾಟಲಿ ಕೊಟ್ಟು ಹೊರಟರು. ಆಶ್ರಿತಾ ಕಾಗದವನ್ನು ಮೋಕ್ಷಾಳ ಕೈಗೆ ಕೊಟ್ಟಳು. ಅವಳು ಅದನ್ನು ಕೆಸರಿನಲ್ಲಿ ಮುಳುಗಿಸಿ ನೋಡಿದಳು. ಅಪ್ಪಿಯಕ್ಕ ಎಲ್ಲರನ್ನೂ ಗದರಿಸಿ ಸಾಲಿಗೆ ನಿಲ್ಲಿಸಿದಳು, ಫೋಟೋದ ಸಮಯ ಮೀರುತ್ತಿತ್ತು. ಈ ಸಲ ಉಮಾನಾಥ ಮುಂದಿನ ಸಾಲಿನಲ್ಲಿ ನಿಂತ.

ಏಪ್ರಿಲ್‌ನಲ್ಲಿ ಆಶ್ರಿತಾ ಇನ್‌ಚಾರ್ಜ್ ಆದಳು. ಶಾರ್ಜಾದ ವೀಸಾಕ್ಕೆ ಉಮಾನಾಥ ಬೆನ್ನು ನೋವಿನ ಕಾರಣ ಕೊಟ್ಟು ತಪ್ಪಿಸಿಕೊಂಡ, ಅದು ಸುಳ್ಳೂ ಆಗಿರಲಿಲ್ಲ. ಧೃತಿಗೆ ಗಂಡುಮಗು. ಅಜ್ಜಿ ಅಲ್ಲಿಂದಲೇ ದಿನಾ ಫೋನು ಮಾಡಿ ಅಳಿಯನಿಗೆ ಕೆಲಸ ಸಿಕ್ಕಿತೇ ಎಂದು ಕೇಳುತ್ತಾರೆ. ಇನ್ನೂ ಇಲ್ಲ ಅತ್ತೆ ಎಂದು ಉಮಾನಾಥ ಹೇಳುತ್ತಾನೆ.

ಈಗ ಅವನು ಬೆಳಿಗ್ಗೆ ಮನೆಯಿಂದ ಹೊರಡುವುದು ಹಳೆ ಲುಂಗಿ ಬನಿಯನ್ನಿನಲ್ಲಿ, ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು. ಎದುರು ಸಿಕ್ಕವರಿಗೆಲ್ಲ ತಲೆ ತಗ್ಗಿಸುತ್ತಾನೆ. ಊರು ನೋಡಿದ್ದು ಶಾರ್ಜಾ ಮಾರ್ಗವಾಗಿ ಕಾರ್ಕಳ ಮುಟ್ಟುತ್ತದಲ್ಲ. ಮಗುವನ್ನು ಬಾಯಿಗೆ ಕೊಟ್ಟು, ಪಂಪ್ ಶೆಡ್ಡಿನ ಹಿಂದೆ ಹೋಗಿ ಪ್ಯಾಂಟು ಅಂಗಿ ತೊಟ್ಟು, ಗೇರು ಮರದಿಂದ ಟೈ ತೆಗೆದು ಕಟ್ಟಿಕೊಂಡು ಕಟಪಾಡಿಗೆ ಹೋಗುತ್ತಾನೆ. ಸಂಜೆ ಬಂದು ಟೈ ಕಳಚಿ ಅದೇ ಕೊಂಬೆಗೆ ಹಾಕಿ, ಲುಂಗಿ ಉಟ್ಟು ಮನೆಗೆ ಬರುತ್ತಾನೆ. ಮೊನ್ನೆ ಚಂದು ಇದನ್ನು ಕಣ್ಣಾರೆ ಕಂಡು ನನ್ನ ಅಂಗಡಿಗೆ ಬಂದ. ಅವನ ಧ್ವನಿ ಇಳಿದಿತ್ತು.

“ಪಾಪ, ಉಮಾನಾಥಣ್ಣನಿಗೆ ತಲೆಗೇ ಹತ್ತಿದೆ ಮಾರಾಯರೇ. ಇಲ್ಲದ ಕೆಲಸಕ್ಕೆ ದಿನಾ ಟೈ ಕಟ್ಟಿ ಹೋಗುತ್ತಾರೆ. ಪುಣ್ಯಕ್ಕೆ ಹೆಂಡತಿಗೆ ಕೆಲಸ ಉಂಟು.”

“ಹೌದು ಮಾರಾಯ, ಪುಣ್ಯಕ್ಕೆ” ಎಂದು ನಾನು ನಾಲ್ಕು ಬಂಗುಡೆ ಕೊಂಡೆ.